ಸೊನ್ನೆ ಬರೆಯಲು ಬಾರದ ಕೈ

ದಿನಾ ದೇವರಿಗೆ ದೀಪ ಹಚ್ಚುವ ಹೆಂಗಸರು ಸುಳ್ಳು ಹೇಳುವುದಿಲ್ಲ ಎಂದು ಜನ ನಂಬಿದ್ದಾರೆ. ನಾನೂ ನಂಬಿದ್ದೆ. ಒಳ್ಳೆಯದನ್ನು ಸ್ವಲ್ಪ ಇಳಿಸಿ ಹೇಳುವುದು ಸುಳ್ಳಲ್ಲ, ಜಾಗ್ರತೆ. ಉಡುಪಿಯಲ್ಲಿ ನಾನು ಕಲಿತು ಬಂದದ್ದು ಹಾಗೆ. "ಮಗು ಹೇಗಿದೆ?" ಎಂದು ಯಾರಾದರೂ ಕೇಳಿದರೆ "ಚೆನ್ನಾಗಿದೆ" ಎಂದು ನಮ್ಮ ಮನೆಗಳಲ್ಲಿ ಯಾವ ತಾಯಿಯೂ ಬಾಯಿ ಬಿಡುವುದಿಲ್ಲ. "ಹೀಗೇ ಉಂಟು, ಸ್ವಲ್ಪ ಶೀತ" ಎನ್ನುತ್ತೇವೆ. ಶೀತ ಇಲ್ಲದಿದ್ದರೆ ಆ ಹೊತ್ತಿಗೆ ಬರಿಸುತ್ತೇವೆ. ದೃಷ್ಟಿ ತಾಗಬಾರದಲ್ಲ! ಈ ಜಾಗ್ರತೆಯಿಂದಲೇ ನಾನು ಥಾಣೆಯಲ್ಲಿ ಒಂದು ವೈದ್ಯಕೀಯ ಪರೀಕ್ಷೆಯನ್ನು ಕೆಡಿಸಿದೆ.

ನನ್ನ ಮಗಳು ಶ್ರಾವ್ಯಳಿಗೆ ಆಗ ಹತ್ತು ವರ್ಷ. ಎರಡು ವರ್ಷಗಳಿಂದ ತಲೆನೋವು. ಐರೋಲಿಯ ನಮ್ಮ ಮನೆಗೆ ಶಾಲೆಯಿಂದ ಬಂದವಳೇ ನನ್ನ ಓಢಣಿಯನ್ನು ತಲೆಗೆ ಬಿಗಿದುಕೊಂಡು ಮಲಗುತ್ತಿದ್ದಳು. ಕನ್ನಡಕ ಹಾಕಿಸಿದೆವು, ಹಾಲು ಬಿಡಿಸಿದೆವು, ಟಿ.ವಿ. ಬಿಡಿಸಿದೆವು. ತಲೆನೋವು ಮಾತ್ರ ಅವಳನ್ನು ಬಿಡಲಿಲ್ಲ. ಹೀಗಿರುವಾಗ, ವಾಗ್ಳೆ ಎಸ್ಟೇಟಿನ ಆಚೆ ಒಂದು ಕ್ಲಿನಿಕ್ಕಿನಲ್ಲಿ ಮಕ್ಕಳ ತಲೆನೋವಿಗೆ ಕೈರೋಪ್ರಾಕ್ಟಿಕ್ ಎಂಬ ಚಿಕಿತ್ಸೆಯನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದು ತಿಳಿಯಿತು. ಕುತ್ತಿಗೆ, ಬೆನ್ನಿನ ಮೂಳೆ ಒತ್ತಿ ಸರಿಮಾಡುವ ವಿದ್ಯೆಯಂತೆ.

"ನೆಟಿಗೆ ಮುರಿಯಲಿಕ್ಕೆ ಡಾಕ್ಟರಾ? ನಮ್ಮ ಸಲೂನಿನವ ಕಟಿಂಗ್ ಜೊತೆ ಫ್ರೀಯಾಗಿ ಮುರೀತಾನೆ ಮಾರಾಯ್ತಿ" ಎಂದರು ಮನೆಯವರು. ಆದರೂ ಶನಿವಾರ ರಜೆ ಹಾಕಿ ಬಂದರು. ಅದು ಒಂದು ಪುಣ್ಯ.

ಡಾಕ್ಟರಮ್ಮ ಮರಾಠಿಯವರು. ಕೆಲವು ಮಕ್ಕಳಿಗೆ ನಿಜವಾದ ಚಿಕಿತ್ಸೆ, ಕೆಲವರಿಗೆ ಸುಮ್ಮನೆ ಮುಟ್ಟಿ ಬಿಡುವುದು, ಯಾರಿಗೆ ಯಾವುದೆಂದು ಮಗುವಿಗೂ ಹೇಳುವುದಿಲ್ಲ, ತಾಯಿಗೂ ಹೇಳುವುದಿಲ್ಲ ಎಂದು ವಿವರಿಸಿದರು. ನನಗೆ ಕಷ್ಟವಾಗಲಿಲ್ಲ. ಬೇಡಿದ್ದನ್ನು ನಿಜವಾಗಿ ಕೊಟ್ಟದ್ದೋ, ಸುಮ್ಮನೆ ಮುಟ್ಟಿ ಬಿಟ್ಟದ್ದೋ, ದೇವರೂ ಹೇಳುವುದಿಲ್ಲ. ನನ್ನ ಕೆಲಸ ಒಂದೇ: ದಿನಾ ಸಂಜೆ ಮಗಳನ್ನು ಕೇಳಿ, ನೋವು ಎಷ್ಟೆಂದು ಸೊನ್ನೆಯಿಂದ ಹತ್ತರೊಳಗೆ ಒಂದು ಪುಸ್ತಕದಲ್ಲಿ ಬರೆಯುವುದು.

ಮೊದಲ ವಾರ ಏಳು, ಆರು, ಏಳು. ಇದ್ದದ್ದನ್ನು ಇದ್ದಂತೆ ಬರೆದೆ. ನಾಲ್ಕನೇ ವಾರ ಒಂದು ಸಂಜೆ ಅವಳು, "ಆಜ್ ಝೀರೋ" ಎಂದಳು. ನನ್ನ ಕೈ ನಿಂತುಬಿಟ್ಟಿತು. ಮಗು ಪೂರ್ತಿ ಚೆನ್ನಾಗಿದೆ ಎಂದು ಪೆನ್ನಿನಲ್ಲಿ ಬರೆಯುವುದೆ? ಅದೂ ಹತ್ತು ಜನ ಓದುವ ಪುಸ್ತಕದಲ್ಲಿ? ದೇವರಿಗೆ ಒಂದು ಬತ್ತಿ ಜಾಸ್ತಿ ಹಚ್ಚಿ, ಪುಸ್ತಕದಲ್ಲಿ ಐದು ಎಂದು ಬರೆದೆ. ಮರುದಿನ ಅವಳು ಒಂದು ಎಂದಳು, ನಾನು ಆರು ಮಾಡಿದೆ. ಹೀಗೆ ಮನೆಯಲ್ಲಿ ಬತ್ತಿ ಹೆಚ್ಚುತ್ತಾ ಹೋಯಿತು, ಪುಸ್ತಕದಲ್ಲಿ ನೋವು ಇಳಿಯಲೇ ಇಲ್ಲ.

ಎಂಟನೇ ವಾರ ಡಾಕ್ಟರಮ್ಮ ಹಾಳೆ ತಿರುಗಿಸುತ್ತಾ ಸಪ್ಪಗಾದರು. "ಕಾಹೀಚ್ ಫರಕ್ ನಾಹೀ, ತಾಈ. ಏನೂ ಕಡಿಮೆಯಾಗಿಲ್ಲ. ಇಲ್ಲಿಗೆ ನಿಲ್ಲಿಸೋಣ. ಚೀಟಿ ಕೊಡುತ್ತೇನೆ, ದೊಡ್ಡಾಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಮಾಡಿಸಿ."

ಮನೆಯವರು ಎದ್ದೇ ನಿಂತರು. ಮೇಜಿನ ಮೇಲಿನ ಪ್ಲಾಸ್ಟಿಕ್ ಬೆನ್ನುಮೂಳೆಯ ಜೊತೆ ಆಡುತ್ತಿದ್ದ ಶ್ರಾವ್ಯ ತಲೆಯೆತ್ತಿದಳು. "ಸ್ಕ್ಯಾನ್ ಕ್ಯೂಂ? ಮೇರಾ ತೋ ದುಖತಾ ಹೀ ನಹೀಂ." ಅವಳಿಗೆ ನೋವೇ ಇಲ್ಲವಂತೆ.

"ಯಹಾಂ ಪಾಂಚ್ ಲಿಖಾ ಹೈ, ಬೇಟಾ" ಎಂದು ಡಾಕ್ಟರಮ್ಮ ಪುಸ್ತಕದ ಐದರ ಮೇಲೆ ಬೆರಳಿಟ್ಟರು.

"ಮೈಂನೇ ಝೀರೋ ಬೋಲಾ ಥಾ. ಮಮ್ಮಿ ಅಪನೇ ಮನ್ ಸೇ ಲಿಖತೀ ಹೈ." ತಾನು ಹೇಳಿದ್ದು ಸೊನ್ನೆ, ಅಮ್ಮ ಬರೆದದ್ದು ಅಮ್ಮನ ಮನಸ್ಸಿಗೆ ಬಂದದ್ದು ಎಂದು.

ಮೂವರೂ ನನ್ನನ್ನು ನೋಡಿದರು. ದೃಷ್ಟಿ ತಾಗುವುದೆಂದರೆ ಏನೆಂದು ನನಗೆ ಅಂದು ಸರಿಯಾಗಿ ತಿಳಿಯಿತು. ಎಲ್ಲವನ್ನೂ ಒಪ್ಪಿಕೊಂಡೆ. ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟು ನಿಧಾನಕ್ಕೆ ಹೇಳಿದರು: "ನನ್ನ ಮನೆ ಬಾಗಿಲಿಗೂ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದೇನೆ, ತಾಈ. ಆದರೆ ಈ ಪುಸ್ತಕ ಬಾಗಿಲಲ್ಲ."

ಸ್ಕ್ಯಾನ್ ತಪ್ಪಿತು. ನಮ್ಮ ಪುಸ್ತಕ ಪರೀಕ್ಷೆಯಿಂದ ಹೊರಬಿತ್ತು. ಮಗಳಿಗೆ ಮೂಳೆ ಒತ್ತಿದ್ದೋ, ಬರೇ ಮುಟ್ಟಿದ್ದೋ ಎಂದು ಕೇಳಲು ನನಗೆ ಮುಖವಿರಲಿಲ್ಲ. "ಇನ್ನು ಒಂದು ತಿಂಗಳು ಹುಡುಗಿಯೇ ಬರೆಯಲಿ, ನನ್ನ ಸಮಾಧಾನಕ್ಕೆ ನೋಡುತ್ತೇನೆ" ಎಂದರು ಡಾಕ್ಟರಮ್ಮ. ದಾರಿಯಲ್ಲಿ, ಟ್ರೇನಿನಲ್ಲಿ, ಮನೆಯವರು ಒಂದೇ ಮಾತಾಡಿದರು: "ಪರೀಕ್ಷೆ ಮಗಳಿಗೆ, ನಪಾಸು ನೀನು."

ತಿಂಗಳ ಕೊನೆಗೆ ಶ್ರಾವ್ಯ ತನ್ನ ಪುಸ್ತಕ ಕೊಟ್ಟಳು. ಉದ್ದಕ್ಕೂ ದುಂಡನೆಯ ಸೊನ್ನೆಗಳು, ನಡುವೆ ಮೂರು ದಿನ ಮಾತ್ರ ಎರಡು. ಕಾರಣ ಬರೆಯುವ ಜಾಗದಲ್ಲಿ ಮೂರು ಸಲವೂ ಒಂದೇ ವಾಕ್ಯ: ಮಮ್ಮಿ 'ನೋಯುತ್ತದಾ' ಎಂದು ಕೇಳುತ್ತಲೇ ಇದ್ದಳು.

ಡಾಕ್ಟರಮ್ಮ ನಕ್ಕರು, ಔಷಧಿ ಬರೆಯಲಿಲ್ಲ. ನಾನು ಕೇಳಬಾರದು ಎಂದಷ್ಟೇ ಬರೆದರು.

ಮರುದಿನ ಬೆಳಗಿನಿಂದ ಬಾಯಿ ಕಟ್ಟಿಕೊಂಡು ಕೂತೆ. ಮಧ್ಯಾಹ್ನ ದಾಟುವಷ್ಟರಲ್ಲಿ ನನ್ನ ತಲೆ ಸಿಡಿಯತೊಡಗಿತು. ಶಾಲೆಯಿಂದ ಬಂದ ಶ್ರಾವ್ಯ ನನ್ನ ಮುಖ ನೋಡಿದಳು, ಪುಸ್ತಕ ತಂದು ಹೊಸ ಹಾಳೆ ತೆಗೆದಳು. "ಕಿತನಾ, ಮಮ್ಮಿ?"

"ಆರು" ಎಂದೆ. ದೇವರಾಣೆ, ಆರೇ ಇತ್ತು.

ಅವಳು ಒಂದು ಕ್ಷಣ ಯೋಚಿಸಿ ಒಂದು ಎಂದು ಬರೆದಳು.