ಬೆಳಗಾವಿಗೆ ಹೋದ ಕಾಲು

ಕಾಲಿಗೂ ಒಂದು ದರ ಇರುತ್ತದೆ. ಶಿಬಿರದಲ್ಲಿ ಕೊಡುವ ಕಾಲು ಬಿಟ್ಟಿ. ಅದು ಹೆಜ್ಜೆಗೊಮ್ಮೆ ಎಣ್ಣೆ ಕಾಣದ ಗಾಣದಂತೆ ಕಿರುಗುಟ್ಟುತ್ತದೆ. ಆದರೆ ಆ ಸದ್ದು ಕೇಳಿದವರೆಲ್ಲ ದಾರಿ ಬಿಡುತ್ತಾರೆ. ದುಡ್ಡು ಕೊಟ್ಟು ಮಾಡಿಸುವ ಕಾಲು, ಮೊಣಕಾಲಿನ ಕೆಳಗಿನದಾದರೆ, ಐವತ್ತು ಸಾವಿರ. ಹುನಗುಂದದ ಧರ್ಮರಾಜ ಅಂಥದೊಂದು ಹಾಕಿಸಿಕೊಂಡಿದ್ದ. ಹೆಂಡತಿ ಜಯಶ್ರೀ ಇಳಕಲ್ ಸೀರೆಗೆ ಕುಚ್ಚು ಕಟ್ಟಿ ಕೂಡಿಸಿದ್ದು ಅರ್ಧ, ಅವಳ ಕಿವಿಯ ಬೆಂಡೋಲೆ ಇನ್ನರ್ಧ. ಕಾಲು ಎಷ್ಟು ಚೆನ್ನಾಗಿ ಕೂತಿತ್ತೆಂದರೆ, ಬೂಟು ಹಾಕಿಕೊಂಡು ಓಣಿಯಲ್ಲಿ ನಡೆದಾಗ ಪರಿಚಯದ ನಾಯಿಯೇ ಯಾರೋ ಹೊಸಬ ಬಂದನೆಂದು ಬೊಗಳಿತು.

ತೊಂದರೆ ಹುಟ್ಟಿದ್ದು ಅಲ್ಲಿಂದಲೇ. ಬಿಟ್ಟಿ ಕಾಲನ್ನು ಜನ ನಂಬುತ್ತಿದ್ದರು. ಐವತ್ತು ಸಾವಿರದ ಕಾಲನ್ನು ಯಾರೂ ನಂಬಲಿಲ್ಲ.

ಆ ಸೋಮವಾರ ಬಾಗಲಕೋಟೆಯ ನವನಗರದ ಒಂದು ವಿಶೇಷ ಮಕ್ಕಳ ಶಾಲೆಯಲ್ಲಿ ಧರ್ಮರಾಜನಿಗೆ ಸಂದರ್ಶನವಿತ್ತು. ಮಾತು ತಡವಾದ, ಕಲಿಕೆ ನಿಧಾನವಾದ ಮಕ್ಕಳಿಗೆ ಕಲಿಸುವ ತರಬೇತಿ ಮುಗಿಸಿ, ಅವನು ವರ್ಷಗಟ್ಟಲೆ ಹುನಗುಂದದಲ್ಲಿ ಮನೆಮನೆಗೆ ಹೋಗಿ ಪಾಠ ಹೇಳಿದ್ದ. ಅದಕ್ಕೆ ಸಿಕ್ಕ ಸಂಬಳ ಚಹಾ ಮತ್ತು ಆಶೀರ್ವಾದ. ಈಗ ತಿಂಗಳ ಪಗಾರದ ಕೆಲಸ. ಹನ್ನೊಂದು ಗಂಟೆಗೆ ಹಾಜರಿರಬೇಕು, ಅವತ್ತೇ ಆಯ್ಕೆ.

"ಈ ಕೆಲಸ ಕೈಬಿಟ್ಟು ಬಂದ್ರ ಮತ್ತ ಮಾರಾಕ ನನ್ನ ಮೈಮ್ಯಾಲ ಏನೂ ಉಳದಿಲ್ಲ ನೋಡ್ರಿ," ಎಂದು ಹೇಳಿಯೇ ಜಯಶ್ರೀ ಅವನನ್ನು ಕಳಿಸಿದಳು.

ಬೆಳಗಾವಿ ಬಸ್ಸು ಹೆಣ್ಣುಮಕ್ಕಳಿಂದ ತುಂಬಿ, ಹಿಟ್ಟು ಉಬ್ಬಿದ ಕೊಪ್ಪರಿಗೆಯಂತೆ ಬಂತು. ಅಂಗವಿಕಲರ ಸೀಟೊಂದು ಹೇಗೋ ಖಾಲಿಯಿತ್ತು. ಧರ್ಮರಾಜ ಕೂತ. ಅಮೀನಗಡದಲ್ಲಿ ಮಂಡಿನೋವಿನ ಮುದುಕಿ ಕಾಸಿಂಬಿ ಹತ್ತಿದಳು, ಲೋಕಾಪುರದ ಮಗಳ ಮನೆಗೆ ಕರದಂಟು ಒಯ್ಯುತ್ತಿದ್ದಳು. ಅವಳ ಹಿಂದೆ ಅದೇ ಊರಿನ ಹುಲ್ಲಪ್ಪ. ಸಂತೆಯಲ್ಲಿ ಚೀಲ ಹೊತ್ತು ಹೊತ್ತು ಅವನ ಹೆಗಲು ಬಾಗಿಲಿನಷ್ಟು ಅಗಲವಾಗಿತ್ತು.

"ಏ ತಮ್ಮಾ, ಏಳು. ಮುದುಕಿ ನಿಂತಾಳ, ಕಣ್ಣು ಕಾಣವಲ್ದೇನು?" ಎಂದ ಹುಲ್ಲಪ್ಪ.

"ಇದು ಅಂಗವಿಕಲರ ಸೀಟ್ರಿ ಅಣ್ಣಾರ."

"ಅದಕ್ಕ ಹೇಳಾಕತ್ತೇನಿ. ನೀ ಯಾಕ ಕುಂತಿ?"

"ನಾನೂ ಅದರಾಗ ಬರ್ತೇನ್ರಿ."

ಹುಲ್ಲಪ್ಪ ಅವನನ್ನು ಎತ್ತಿನ ವ್ಯಾಪಾರಕ್ಕೆ ಬಂದವನಂತೆ ಮೇಲಿಂದ ಕೆಳಗೆ ನೋಡಿದ. "ಎಲ್ಲಿಂದ ಬರ್ತಿ? ಒಳ್ಳೆ ಹೋರಿ ಇದ್ದಂಗ ಅದಿ!"

ಧರ್ಮರಾಜ ಪಾಸು ತೋರಿಸಿದ.

"ಪಾಸು ಬಿಡೋ! ನಮ್ಮ ಓಣ್ಯಾಗ ಒಬ್ಬಾಂವ ಕಿವುಡನ ಪಾಸು ಇಟಗೊಂಡು ಮದುವಿ ಮನ್ಯಾಗ ಬ್ಯಾಂಡ್ ಬಾರಸ್ತಾನ."

"ಎಲ್ಲಾ ಖೊಟ್ಟಿ," ಎಂದಳು ಕಿಟಕಿಯ ಬಳಿಯ ಹೆಂಗಸು. "ಇಂಥವರ ಸಲುವಾಗಿ ಖರೇ ಕುಂಟರಿಗೆ ಸೀಟ್ ಸಿಗವಲ್ದು."

ಧರ್ಮರಾಜ ಕಂಡಕ್ಟರನ ಮುಖ ನೋಡಿದ. "ಪಾಸು ಖರೆ ಐತಿ ಅಂತ ಹೇಳೂದು ನನ್ನ ಡ್ಯೂಟಿ," ಎಂದ ಕಂಡಕ್ಟರ್. "ಕಾಲು ಸುಳ್ಳು ಐತಿ ಅಂತ ಹೇಳೂದು ನನ್ನ ಡ್ಯೂಟಿ ಅಲ್ಲ."

ಧರ್ಮರಾಜ ಎದ್ದು ಸೀಟು ಬಿಟ್ಟುಕೊಡಲು ಹೋದ. ಅದು ಇನ್ನೂ ಕೆಟ್ಟಿತು.

"ನೋಡ್ರಿ, ಸಿಕ್ಕಬಿದ್ದ ಕೂಡ್ಲೆ ಹೆಂಗ ಸರಾಗ ಎದ್ದ! ಡ್ರೈವರ್ ಸಾಹೇಬ್ರ, ಗಾಡಿ ಪೊಲೀಸ್ ಸ್ಟೇಷನ್ ಮುಂದ ನಿಲ್ಲಸ್ರಿ!" ಎಂದು ಹುಲ್ಲಪ್ಪ ಕೂಗಿದ.

ಸ್ಟೇಷನ್ ಮೆಟ್ಟಿಲು ಹತ್ತಿದರೆ ಹನ್ನೊಂದರ ಆಸೆ ಬಿಟ್ಟ ಹಾಗೆಯೇ. ಅವನು ಪ್ಯಾಂಟು ಮೇಲೆತ್ತಿದ. ಮೈಬಣ್ಣದ ಕಾಲು, ಕರಿ ಕಾಲುಚೀಲ. ಹುಲ್ಲಪ್ಪ ಬಗ್ಗಿ ಹಿಚುಕಿ ನೋಡಿದ.

"ಕಲ್ಲು ಇದ್ದಂಗ ಐತಿ! ಇದು ಗರಡಿ ಮನ್ಯಾಗ ತಾಲೀಮು ಮಾಡಿದ ಕಾಲು!"

ಮುಂದೆ ದಾರಿ ಉಳಿಯಲಿಲ್ಲ. ಧರ್ಮರಾಜ ಪಟ್ಟಿ ಬಿಚ್ಚಿ, ಬೂಟಿನ ಸಮೇತ ಕಾಲನ್ನು ಕಳಚಿ ಹುಲ್ಲಪ್ಪನ ಮೂಗಿನ ಮುಂದೆ ಹಿಡಿದ.

ಕೂಸೊಂದು ಕಿಟಾರನೆ ಕಿರುಚಿತು. ಕಾಸಿಂಬಿ ಹಣೆ ಬಡಿದುಕೊಂಡು, ಅದೇ ಕೈಯಿಂದ ಹುಲ್ಲಪ್ಪನ ಬೆನ್ನಿಗೂ ಒಂದು ಬಿಟ್ಟಳು. "ನಿನ್ನ ಬಾಯಾಗ ಮಣ್ಣ ಬೀಳ್ಲಿ! ನಾ ಸೀಟು ಬೇಕಂತ ನಿನಗ ಅರ್ಜಿ ಕೊಟ್ಟಿದ್ನೇನೋ?"

ಹುಲ್ಲಪ್ಪನ ಕಣ್ಣಲ್ಲಿ ನೀರೇ ಬಂತು. "ತಪ್ಪಾತ್ರಿ ಸರ. ನನ್ನ ಚಪ್ಪಲಿಲೆ ನನಗ ಹೊಡೀರಿ."

ಸಿಟ್ಟಿದ್ದಷ್ಟೂ ಕರುಣೆಯಾಯಿತು. ಕರುಣೆಗೆ ಕೈ ಉದ್ದ. ಯಾರೋ ಕಾಲನ್ನು ಇಸಿದುಕೊಂಡು ನೋಡಿದರು, ಅವರ ಕೈಯಿಂದ ಇನ್ನೊಬ್ಬರು.

"ಎಷ್ಟ ಹಗರ ಐತೆವ್ವಾ! ಎಷ್ಟು ಬಿತ್ರಿ ಇದಕ್ಕ?"

"ಐವತ್ತು ಸಾವಿರ್ರಿ. ಇತ್ಲಾಗ ಕೊಡ್ರಿ."

"ಅಷ್ಟರಾಗ ಹೈನದ ಎಮ್ಮಿ ಬರ್ತಿತ್ತಲ್ಲ!"

"ಎಮ್ಮಿ ಕಟಗೊಂಡು ನಡ್ಯಾಕ ಬರ್ತೈತೇನು? ಸುಮ್ಮಕಿರು. ಸರ, ಒಂದ ಕೊಡ್ತಾರೋ, ಜೋಡಿ ತಗೋಬೇಕೋ?"

ಕಾಲು ಹಿಂದಕ್ಕೆ ಹಿಂದಕ್ಕೆ ಸಾಗಿತು. ಧರ್ಮರಾಜ ಕೇಳಿದಾಗಲೆಲ್ಲ, "ತಡೀರಿ, ಹಿಂದಿನ ಮಂದಿ ಇನ್ನೂ ನೋಡಿಲ್ಲ," ಎಂಬ ಉತ್ತರ ಬಂತು. ಶಿರೂರಿನಲ್ಲಿ ಮತ್ತಷ್ಟು ಜನ ನುಗ್ಗಿದರು. ಕಾಲು ಆ ಗದ್ದಲದಲ್ಲಿ ಕಣ್ಮರೆಯಾಯಿತು. ನವನಗರ ಬಂದಾಗ ಅವನು ಸೀಟಿನ ಕಂಬಿ ಹಿಡಿದು ಒಂಟಿಕಾಲಲ್ಲಿ ನಿಂತು ಕೂಗಿದ: "ಕಾಲು! ನನ್ನ ಕಾಲು!"

ಹೊಸದಾಗಿ ಹತ್ತಿದವರು, ತುಳಿದದ್ದು ತಾವೇ ಇರಬೇಕೆಂದು, ಎಲ್ಲರೂ ತಮ್ಮ ತಮ್ಮ ಕಾಲನ್ನು ಮೇಲೆತ್ತಿದರು.

ಅಷ್ಟರಲ್ಲಿ ಹುಲ್ಲಪ್ಪ ಅವನನ್ನು ಜೋಳದ ಚೀಲದಂತೆ ಎತ್ತಿಯೇ ಬಿಟ್ಟ. "ಚಿಂತಿ ಬಿಡ್ರಿ ಸರ. ಈ ಹುಲ್ಲಪ್ಪ ಇರೂತನಕ ನಿಮ್ಮ ಪಾದ ನೆಲಕ್ಕ ಹತ್ತಗೊಡೂದಿಲ್ಲ!"

"ಅಣ್ಣಾರ, ನನಗ ನೆಲಕ್ಕ ಹತ್ತೂದ ಬೇಕಾಗೇತ್ರಿ!"

ಇಳಿದಾಗಿತ್ತು. ಸೀಟಿ ಊದಿಯಾಗಿತ್ತು. ಬಸ್ಸಿನ ಹಿಂದಿನ ಗಾಜಿನಲ್ಲಿ ಬೂಟು ತೊಟ್ಟ ಕಾಲೊಂದು ಕ್ಷಣಕಾಲ ಕಂಡು, ಟಾಟಾ ಮಾಡಿದಂತೆ ಅಲ್ಲಾಡಿ ಮರೆಯಾಯಿತು.

ಹುಲ್ಲಪ್ಪ ಕಾಸಿಂಬಿಗೆ ಫೋನು ಹಚ್ಚಿದ. "ಕಾಲು ನನ್ನ ತೊಡಿ ಮ್ಯಾಲೈತಿ," ಎಂದಳು ಆಕೆ. "ಮಗನ್ನ ನೋಡಿಕೊಂಡಂಗ ನೋಡ್ಕೊಳ್ಳಾಕತ್ತೇನಿ. ಲೋಕಾಪುರದಾಗ ಕಂಡಕ್ಟರ್ ಎದುರು ಬಸ್ಸಿಗೆ ಕೊಟ್ಟು ಕಳಸ್ತಾರಂತ. ಮೂರಕ್ಕ ಮುಟ್ಟತೈತಿ."

ಹನ್ನೊಂದಕ್ಕೆ ಸ್ವಲ್ಪವೇ ಹೊತ್ತಿತ್ತು. "ನಡೀರಿ ಹಂಗಾರ," ಎಂದ ಧರ್ಮರಾಜ. ಹುಲ್ಲಪ್ಪ ನಡೆದ. ಮಕ್ಕಳ ಕೋಣೆಗಳು ಕೆಳಗೆ, ಆಫೀಸು ಎರಡನೆಯ ಅಂತಸ್ತಿನಲ್ಲಿ. ಉಸಿರೂ ಏರದಂತೆ ಹತ್ತಿ, ಅವನನ್ನು ಕುರ್ಚಿಯಲ್ಲಿ ಕೂರಿಸಿ, ಅಂಗಿಯ ಮಡಿಕೆ ಸರಿಮಾಡಿ, ಹುಲ್ಲಪ್ಪ ಗೋಡೆಗೆ ಒರಗಿ ನಿಂತ.

ಮೇಜಿನ ಆಚೆ ಮುಖ್ಯೋಪಾಧ್ಯಾಯಿನಿ ರೋಹಿಣಿ, ಪಕ್ಕದಲ್ಲಿ ಸಂಸ್ಥೆಯ ಹಿರಿಯರೊಬ್ಬರು.

"ಮಾತು ಬಾರದ ಮಗು ಹಟ ಹಿಡದು ಮೈ ಕೈ ಬಡಕೊಂಡ್ರ ಏನು ಮಾಡ್ತೀರಿ?" ಎಂದು ರೋಹಿಣಿ ಕೇಳಿದರು.

"ಆ ಹಟಾನ ಅದರ ಮಾತು ಮೇಡಂ. ಬಡದು ಬಾಯಿ ಮುಚ್ಚಿಸಿದ್ರ ಇದ್ದೊಂದು ಮಾತೂ ಹೋತು. ಏನು ಹೇಳಾಕತ್ತೈತಿ ಅಂತ ಮೊದಲ ನೋಡ್ತೇನ್ರಿ. ಸೆಕಿ ಆಗಿರಬೇಕು, ಸಪ್ಪಳ ಆಗಿರಬೇಕು, ಇಲ್ಲಾ ನನ್ನ ಪಾಠ ಬ್ಯಾಸರಾಗಿರಬೇಕು."

ರೋಹಿಣಿ ನಕ್ಕರು. ಇನ್ನಷ್ಟು ಕೇಳಿದರು, ಎಲ್ಲಕ್ಕೂ ಉತ್ತರ ಬಂತು. ಕೊನೆಗೆ ಪೆನ್ನು ಕೆಳಗಿಟ್ಟರು. "ನಮಗ ಬೇಕಾದ ಮಾಸ್ತರು ನೀವ. ಕಾಲಿನ ವಿಷಯ ಅರ್ಜಿಯೊಳಗ ಬರದೀರಿ, ಅದಕ್ಕ ನಮ್ದೇನೂ ತಕರಾರಿಲ್ಲ. ಆದ್ರ ನಮ್ಮ ಮಕ್ಕಳು ಒಮ್ಮೊಮ್ಮೆ ಗೇಟು ತೆಗೆದು ರಸ್ತೆಗೆ ಓಡ್ತಾವು, ಹಿಡೀಬೇಕಾಗ್ತದ. ಎತಗೊಂಡು ಬಂದದ್ದು ನೋಡಿದ್ವಿ. ಒಂದಿಷ್ಟು ಬಾಗಿಲತನ ನೀವ ನಡದು ತೋರಿಸ್ರಿ, ಸಾಕು."

ಬೆಳಗ್ಗೆಯಿಂದ ಕಾಲಿಲ್ಲವೆಂದು ತೋರಿಸಿ ಸುಸ್ತಾಗಿದ್ದವನಿಗೆ, ಕಾಲಿದೆಯೆಂದು ತೋರಿಸು ಎಂದು ಕೇಳಿದ ಮೊದಲ ಮನುಷ್ಯರು ಇವರು.

"ಕಾಲು ಬೆಳಗಾವಿ ಬಸ್ಸಿನ್ಯಾಗ ಹೋಗೇತ್ರಿ ಮೇಡಂ," ಎಂದ. "ಮೂರಕ್ಕ ಬರ್ತೈತಿ. ಬಂದ್ರ ನಾ ಓಡಿ ತೋರಸ್ತೇನ್ರಿ."

ಹಿರಿಯರು ಕನ್ನಡಕ ಏರಿಸಿದರು. "ಮಾಸ್ತರು ಈ ಕಡೆ, ಕಾಲು ಆ ಕಡೆ. ನಾಳೆ ಮಗು ರಸ್ತೆಗಿಳಿದಾಗ ನಿಮ್ಮ ಕಾಲು ಯಾವ ಊರಾಗಿರ್ತೈತಿ?"

ಧರ್ಮರಾಜ ಹಲ್ಲು ಕಚ್ಚಿ ಎದ್ದ. ಮೇಜು ಹಿಡಿದು ಒಂದು ಕುಪ್ಪಳಿಸಿದ, ಕುರ್ಚಿ ಹಿಡಿದು ಇನ್ನೊಂದು. ಬಾಗಿಲು ಇನ್ನೇನು ಕೈಗೆ ಸಿಗಬೇಕು, ನುಣುಪು ಫರಸಿಯಲ್ಲಿ ಕುರ್ಚಿ ಜಾರಿತು. ಅವನು ನೆಲ ಮುಟ್ಟುವ ಮೊದಲೇ ಹುಲ್ಲಪ್ಪ ಹಾರಿ ಬಂದು, ಮರದಿಂದ ಬಿದ್ದ ಹಣ್ಣಿನಂತೆ ಅವನನ್ನು ಹಿಡಿದುಕೊಂಡ.

ರೋಹಿಣಿ "ಅಬ್ಬಾ!" ಎಂದು ಎದೆ ಹಿಡಿದುಕೊಂಡರು. ಹಿರಿಯರ ಮುಖದಲ್ಲಿ ಮಾತ್ರ ತೀರ್ಮಾನ ಆಗಿತ್ತು. ಮೂರರ ತನಕ ಕಾಯೋಣವೆಂದು ರೋಹಿಣಿ ಹೇಳಿ ನೋಡಿದರು. "ಹೊರಗ ಇನ್ನೊಬ್ಬ ಅರ್ಹತಿ ಇದ್ದಾಂವ ಕುಂತಾನ. ಇವರ ಕಾಲಿಗೆ ಕಾದು, ಅವನ್ನ ಏನಂತ ಕಳಸೂದು?" ಎಂದರು ಹಿರಿಯರು. ಹೊರಗಿನವನು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಕೆಲಸ ಗಿಟ್ಟಿಸಿಕೊಂಡು ನಗುಮುಖದಲ್ಲಿ ಹೊರಬಂದ.

ಹುಲ್ಲಪ್ಪ ಧರ್ಮರಾಜನನ್ನು ಎತ್ತಿಕೊಂಡು ಮೆಟ್ಟಿಲ ತನಕ ಬಂದಾಗ ರೋಹಿಣಿ ಓಡುತ್ತ ಬಂದರು. "ಹೋಗಬ್ಯಾಡ್ರಿ, ನಿಲ್ರಿ!"

ಧರ್ಮರಾಜ ಹುಲ್ಲಪ್ಪನ ಹೆಗಲ ಮೇಲಿಂದ ಸರಕ್ಕನೆ ಹಿಂದಿರುಗಿ ನೋಡಿದ.

"ನಿಮ್ಮನ್ನಲ್ರಿ. ನಿಮ್ಮನ್ನ ಎತಗೊಂಡವರನ್ನ. ಮಕ್ಕಳನ್ನ ಎತ್ತಿ ಇಳಿಸಿ ಮಾಡಾಕ ಒಬ್ಬ ಸಹಾಯಕ ಬೇಕಾಗ್ಯಾನ, ವರ್ಷದಿಂದ ಹುಡುಕಾಕತ್ತೇವಿ. ಇವರು ನಿಮ್ಮ ಅಣ್ಣನೇನು?"

"ಅಲ್ರಿ. ಬಸ್ಸಿನ್ಯಾಗ ಸಿಕ್ಕವರು."

"ಗುರುತಿಲ್ಲದವರ ಮ್ಯಾಲ ಇಷ್ಟು ಕಳಕಳಿನ! ಮೊದಲಿಂದನೂ ಹಿಂಗನ ಏನ್ರಿ? ನೀವೊಂದು ಮಾತು ಹೇಳಿದ್ರ ಈಗ ಕೆಲಸಕ್ಕ ತಗೋತೇವಿ."

ಹುಲ್ಲಪ್ಪ ಬಲಿಯ ಕುರಿಯಂತೆ ಧರ್ಮರಾಜನ ಮುಖ ನೋಡಿದ. ಅವನ ಎರಡು ತೋಳುಗಳೂ ನಡುಗುತ್ತಿದ್ದವು. ಧರ್ಮರಾಜ ಇದ್ದದ್ದು ಅದೇ ತೋಳುಗಳ ಮೇಲೆ, ಕೆಳಗೆ ಎರಡು ಅಂತಸ್ತಿನ ಮೆಟ್ಟಿಲು. ಸುಳ್ಳು ಹೇಳುವ ಮನಸ್ಸಿರಲಿಲ್ಲ, ಖರೆ ಹೇಳಿ ಒಬ್ಬನ ಅನ್ನ ಕಳೆಯುವ ಮನಸ್ಸೂ ಬರಲಿಲ್ಲ.

"ಅಮೀನಗಡದಾಗ ಬಸ್ಸು ಹತ್ತಿದಾಗಿಂದ," ಎಂದ ಧರ್ಮರಾಜ, "ಅವರಿಗೆ ನನ್ನ ಕಾಲಿನದ ಚಿಂತಿ ಆಗೇತ್ರಿ."

ಮೂರು ಗಂಟೆಗೆ ಎದುರು ಬಸ್ಸು ಬಂತು. ಹುಲ್ಲಪ್ಪನಿಗೆ ತಿಂಗಳ ಪಗಾರದ ನೌಕರಿ ಸಿಕ್ಕಿತು. ಧರ್ಮರಾಜನಿಗೆ ಸಿಕ್ಕಿದ್ದು ಅವನದೇ ಕಾಲು.