ಕೂತರೆ ಬರುವ ಎದೆನೋವು

ನಲವತ್ತು ದಾಟದವನಿಗೆ ಎದೆನೋವು ಬಂದರೆ ನಮ್ಮೂರಿನಲ್ಲಿ ಯಾರೂ ಮಂಜೂರು ಮಾಡುವುದಿಲ್ಲ. ನನಗೆ ಮೂವತ್ತನಾಲ್ಕು. ಹಾಗಾಗಿ ನನ್ನ ನೋವನ್ನು ಯಾರೂ ನಂಬದ ಪ್ರಸಂಗ ವಾರಕ್ಕೊಂದಾದರೂ ನಡೆಯುತ್ತಿತ್ತು.

ಕೆಲಸದಲ್ಲಿ

ಹಂಗಾರಕಟ್ಟೆಯಲ್ಲಿ ದೋಣಿಗೆ ಬಣ್ಣ ಬಳಿಯುವುದು ನನ್ನ ಕೆಲಸ. ಬೆಳಗಿನ ಚಳಿಗೆ ಹಲಗೆ ಮೇಲೆ ಕೂತು ಸಿಗರೇಟ್ ಹಚ್ಚಿದರೆ ಎದೆಯನ್ನು ಯಾರೋ ಹಿಂಡಿದ ಹಾಗೆ. ಹತ್ತು ನಿಮಿಷಕ್ಕೆ ಮಾಯ. ಮತ್ತೆ ಇಡೀ ದಿನ ಏಣಿ ಹತ್ತಿ ಇಳಿದರೂ ಏನೂ ಇಲ್ಲ. ಹೆಂಡತಿ ಗ್ಯಾಸ್ ಎಂದು ಜೀರಿಗೆ ಕಷಾಯ ಕುಡಿಸಿದಳು. ಮೇಸ್ತ್ರಿಗೆ ಹೇಳಿದೆ.

"ಕೂಕಂಡ್ರೆ ನೋವಾ? ಕೆಲ್ಸ ಮಾಡ್ರೆ ಇಲ್ಯಾ?"

"ಇಲ್ಲೆ."

"ಹಂಗಾರೆ ಕೂಕಂಬುದೇ ಬ್ಯಾಡ ಮಾರಾಯಾ!"

ಆಸ್ಪತ್ರೆಯಲ್ಲಿ

ಮತ್ತೆ ನೋವು ಬಂದ ಕೂಡಲೇ ರಿಕ್ಷಾ ಹಿಡಿದು ಕುಂದಾಪುರಕ್ಕೆ ಓಡಿದೆ. ಮುಟ್ಟುವಷ್ಟರಲ್ಲಿ ನೋವು ಹೋಗಿತ್ತು. ಇಸಿಜಿ ನಾರ್ಮಲ್. ಮೂರು ಸಲ ಹೀಗೇ ಆಯಿತು.

"ನೋವು ಇರುವಾಗಲೇ ಬನ್ನಿ" ಎಂದರು ಡಾಕ್ಟರು.

"ಅದು ನನ್ನ ಮಾತು ಕೇಳುವ ಹಾಗಿದ್ದರೆ ಬರಲೇಬೇಡ ಅನ್ನುತ್ತಿದ್ದೆ" ಎಂದೆ.

ರಿಬ್ಬನ್

ಹತ್ತಿರದಲ್ಲಿ ಇಸಿಜಿ ಯಂತ್ರವಿಲ್ಲದ್ದೇ ತಪ್ಪು. ನಮ್ಮ ಕಡೆಯ ಸಣ್ಣ ಆರೋಗ್ಯ ಕೇಂದ್ರದ ಎದುರು ಧರಣಿ ಕೂತೆ, ಕೂತರೆ ನೋವು ಎಂದು ಗೊತ್ತಿದ್ದೂ. ಯಂತ್ರ ಬಂತು. ಆದರೆ ನಮ್ಮ ಭಾಗದ ರಾಜಕೀಯ ಮುಖಂಡರು ಉದ್ಘಾಟಿಸುವ ತನಕ ಮುಟ್ಟಬಾರದೆಂದು ರಿಬ್ಬನ್ ಕಟ್ಟಿಟ್ಟರು. ಹೃದಯವೇನು ಇವರ ಪುರುಸೊತ್ತು ಕೇಳಿ ನಿಲ್ಲುತ್ತದೆಯೇ?

ಮುಖಂಡರು ಕೊಲ್ಲೂರಿಗೆ ಹೋಗುವ ದಾರಿಯಲ್ಲಿ ಬೆಳಿಗ್ಗೆ ಏಳಕ್ಕೆ ಬಂದರು. ಅವರ ಒಂದು ಭಾಷಣವನ್ನೂ ನಾನು ಸುಸೂತ್ರ ಮುಗಿಯಲು ಬಿಟ್ಟವನಲ್ಲ. ಕೂಗಲು ಹೋದೆ; ಜಗಳ ತಡೆಯಲು ಹೆಂಡತಿಯೂ ಬಂದಳು. ಗೇಟಿನ ಹತ್ತಿರ ಸಿಗರೇಟ್ ಹಚ್ಚಿದೆ. ಎದೆ ಹಿಡಿಯಿತು. ಬೆವರುತ್ತ ನೆಲಕ್ಕೆ ಕುಸಿದೆ.

"ಹ್ವಾಯ್, ಇವತ್ ಹೊಸ ನಮೂನಿ ಪ್ರತಿಭಟನೆ ಕಾಣಿ!" ಎಂದ ಒಬ್ಬ. ಎಲ್ಲರೂ ನಕ್ಕರು.

ನರ್ಸಮ್ಮ ನಗಲಿಲ್ಲ. ಮುಖಂಡರಿಗೆಂದು ತಟ್ಟೆಯಲ್ಲಿಟ್ಟಿದ್ದ ಕತ್ತರಿ ಎತ್ತಿ ರಿಬ್ಬನ್ ಕತ್ತರಿಸಿದರು, ನನ್ನನ್ನು ಮಲಗಿಸಿ ಎದೆಗೆ ವೈರು ಅಂಟಿಸಿದರು. ಕಾಗದ ನೋಡಿದ ಕೇಂದ್ರದ ಡಾಕ್ಟರು, "ಸಿಕ್ಕಿತು! ಗ್ಯಾಸ್ ಅಲ್ಲ, ಹೃದಯದ ರಕ್ತನಾಳ ಸೆಟೆದುಕೊಂಡಿದೆ" ಎಂದರು.

"ಕಂಡ್ರಾ?" ಎಂದು ಊರಿಗೆಲ್ಲ ಕೇಳುವಂತೆ ಕೂಗಲು ಬಾಯಿ ತೆರೆದೆ. ಅವರು ಅದರೊಳಗೆ ಗುಳಿಗೆ ಇಟ್ಟರು. "ನಾಲಿಗೆ ಕೆಳಗಿರಲಿ. ಮಾತಾಡಬೇಡಿ."

ಹೊರಗೆ ಮುಖಂಡರು ಮೈಕಿನಲ್ಲಿ ಯಂತ್ರ ತಂದದ್ದು ತಾವೇ ಎಂದರು. ನಾನು ತುಟಿ ಬಿಚ್ಚಲಿಲ್ಲ. ನೋವು ಇಳಿಯಿತು, ಭಾಷಣವೂ ಮೊದಲ ಬಾರಿ ಪೂರ್ತಿ ಮುಗಿಯಿತು.

ದೊಡ್ಡಾಸ್ಪತ್ರೆಯಲ್ಲಿ ಆಂಜಿಯೋಗ್ರಾಮ್ ಮಾಡಿದರು, ಬ್ಲಾಕ್ ಇರಲಿಲ್ಲ. ಸಿಗರೇಟಿಗೇ ನಾಳ ಸೆಟೆಯುವುದು ಎಂದರು; ಅದನ್ನು ಅಲ್ಲಿಗೇ ಬಿಟ್ಟೆ. ದಿನಾ ನುಂಗಲು ಬೇರೆ ಮಾತ್ರೆ ಬರೆದುಕೊಟ್ಟು, ನಾಲಿಗೆ ಕೆಳಗಿನ ಗುಳಿಗೆ ನೋವು ಬಂದಾಗ ಮಾತ್ರ ಎಂದರು.

ಹೆಂಡತಿ ಮೆಲ್ಲಗೆ ಕೇಳಿದಳು: "ಡಾಕ್ಟ್ರೇ, ಆ ನಾಲ್ಗಿ ಕೆಳ್ಗಿನ ಗುಳ್ಗಿ ನೋವು ಇಲ್ದಿರೂ ದಿನಕ್ಕೆ ಮೂರ್ ಸಲ ಕೊಡ್ಲಕ್ಕಾ?"