ವಿಲ್ಕಿನ್‌ನ ಪ್ರೈವೇಟ್ ಸವಾರಿ

ವಿಲ್ಕಿನ್ ಮಾಡಿದ ತಪ್ಪು ಒಂದೇ: ಶನಿವಾರ ಸಂಜೆ ವ್ಯಾನನ್ನು ಮನೆಯ ಮುಂದೆಯೇ ನಿಲ್ಲಿಸಿಕೊಂಡು ತೊಳೆದದ್ದು.

ಇಗ್ವೇಯ್ ಊರಿನ ಆ ಕೇರಿಯಲ್ಲಿ ಗಾಡಿ ತೊಳೆಯುವುದೂ ಒಂದೇ, ಡಂಗುರ ಹೊಡೆಸುವುದೂ ಒಂದೇ. ಬರೀ ನೀರು ಎರಚಿದ್ದರೆ ಜನ ಸುಮ್ಮನಿರುತ್ತಿದ್ದರೋ ಏನೋ. ಅವನು ಸೀಟುಗಳಿಗೆ ಬಿಳಿ ಹೊದಿಕೆ ತೊಡಿಸಿದ, ಗಾಜನ್ನು ಹಳೆಯ ಪತ್ರಿಕೆಯಿಂದ ತಿಕ್ಕಿದ, ಕೊನೆಗೆ ಲ್ಯಾವೆಂಡರ್ ಫಿನಾಯಿಲನ್ನು ಬಕೆಟ್ಟಿನಲ್ಲಿ ಕದಡಿ ಒಳಗೆಲ್ಲ ಒರೆಸಿದ. ಆ ಪರಿಮಳ ಬೀದಿಯುದ್ದಕ್ಕೂ ನಡೆದು, ಮನೆಮನೆಯ ಬಾಗಿಲು ತಟ್ಟಿ, ‘ವಿಲ್ಕಿನ್ ನಾಳೆ ಎಲ್ಲಿಗೋ ಹೊರಟಿದ್ದಾನೆ’ ಎಂದು ಹೇಳಿ ಬಂತು.

ಹೊರಟದ್ದೇನೋ ನಿಜ. ವರ್ಷಗಟ್ಟಲೆ ಅವನು ಕರಾವಳಿಯ ದಾರಿಯಲ್ಲಿ ಗುವಾಗುವಾ ಎಂಬ ಬಾಡಿಗೆ ಮಿನಿಬಸ್ಸು ಓಡಿಸಿದ್ದ. ಮೂವರ ಸೀಟಿನಲ್ಲಿ ಐವರು, ಆ ಐವರ ಮಡಿಲಲ್ಲಿ ಇನ್ನಿಬ್ಬರು. ಬಾಗಿಲಿಗೆ ಜೋತುಬಿದ್ದವರ ಲೆಕ್ಕ ದೇವರಿಗೇ ಗೊತ್ತು. ಹಾಡು, ಜಗಳ, ಹಸಿ ಮೀನಿನ ಬುಟ್ಟಿ. ಮನೆಗೆ ಬಂದು ಮಲಗಿದರೂ ಕಿವಿಯೊಳಗೆ ಗುವಾಗುವಾ ಓಡುತ್ತಲೇ ಇರುತ್ತಿತ್ತು. ವಿಲ್ಕಿನ್ ಮಾತು ಕಡಿಮೆಯ ಮನುಷ್ಯ. ಅವನ ಆಸೆಯೂ ಚಿಕ್ಕದು: ತಂಪಾದ, ಘಮಘಮಿಸುವ ಗಾಡಿ, ಹಿಂದೆ ಒಬ್ಬರೇ ಪ್ರಯಾಣಿಕರು, ಅವರೂ ಕಿಟಕಿಯಾಚೆ ನೋಡುತ್ತ ತಮ್ಮ ಪಾಡಿಗೆ ತಾವಿರಬೇಕು.

ಆ ಆಸೆಗೆ ಬಾಗಿಲು ತೆರೆದವನು ಉವೇರೋ ಆಲ್ತೋ ಕಡಲತೀರದ ‘ಕೊರಾಲ್ ಮಾನ್ಸೋ’ ರೆಸಾರ್ಟಿನ ಮ್ಯಾನೇಜರ್ ಕೆಸಾದಾ.

“ಭಾನುವಾರ ಮಾಂಟ್ರಿಯಲ್‌ನಿಂದ ಮದಾಂ ತೆರಿಯೋ ಬರ್ತಾರೆ,” ಎಂದಿದ್ದ ಅವನು. “ಪ್ರವಾಸದ ಕಂಪನಿಯವರು. ವಿಮಾನಗಟ್ಟಲೆ ಜನ ಕಳಿಸ್ತಾರೆ. ಏರ್‌ಪೋರ್ಟಿಂದ ಇಲ್ಲಿಗೆ ಕರ್ಕೊಂಡು ಬಾ. ಗಾಡೀಲಿ ನೀನು, ಅವರು, ಅಷ್ಟೇ. ಪ್ರೈವೇಟ್ ಅಂದ್ರೆ ಪ್ರೈವೇಟ್. ಒಂದು ನೊಣಾನೂ ಇರ್ಕೂಡ್ದು. ಅವರಿಗೆ ಖುಷಿಯಾದ್ರೆ ನಮ್ಮ ಪ್ರೈವೇಟ್ ಸವಾರಿಗಳೆಲ್ಲ ನಿಂದೇ. ಇಲ್ಲಾಂದ್ರೆ ನಿನ್ನ ಗುವಾಗುವಾ ಇದ್ದೇ ಇದೆ.”

ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ ವಿಲ್ಕಿನ್ ವ್ಯಾನಿನ ಬಾಗಿಲು ಎಳೆದ. ಒಳಗೆ ಬಿಳಿ ಹೊದಿಕೆಯ ಮೇಲೆ ಅವನ ಅತ್ತೆ ದೋನ್ಯಾ ಮಿಂಗಾ, ಮಡಿಲಲ್ಲಿ ಒಂದು ದೊಡ್ಡ ಪಾತ್ರೆ ಇಟ್ಟುಕೊಂಡು, ಸಿಂಹಾಸನದಲ್ಲಿ ಕೂತ ಹಾಗೆ ಕೂತಿದ್ದಳು.

“ಅತ್ತೇ! ಒಳಗೆ ಹೇಗೆ ಬಂದ್ರಿ?”

“ಬಾಗಿಲಿಂದ. ನಿನ್ನ ಹೆಂಡ್ತಿ ಬೀಗದ ಕೈ ಕೊಟ್ಲು. ವೆರೋನ್‌ನಲ್ಲಿ ನಮ್ಮಕ್ಕಂಗೆ ಕಾಳಿನ ಪಾಯಸ ತಲುಪಿಸ್ಬೇಕು. ಈಸ್ಟರ್ ಹತ್ರ ಬಂತು, ಪಾಯಸ ಕಾಯಿಸಿ ಹಂಚದೆ ಇದ್ರೆ ಗಂಟಲಲ್ಲಿ ಇಳಿಯುತ್ತಾ?”

“ಅತ್ತೆ, ಇದು ಪ್ರೈವೇಟ್ ಸವಾರಿ.”

“ನಾನೇನು ಹೊರಗಿನೋಳಾ? ನಿನ್ನ ಹೆಂಡ್ತೀನ ಹೆತ್ತೋಳು. ಗಾಡಿ ಬಿಡು, ಪಾಯಸ ಹುಳಿಯಾಗುತ್ತೆ.”

ಹೋಗುವ ಗಾಡಿಯಲ್ಲಿ ಪುಕ್ಕಟೆ ಜಾಗ ಕೇಳುವುದಕ್ಕೆ ಆ ಕಡೆ ಬೋಲಾ ಎನ್ನುತ್ತಾರೆ. ಕೇಳುವವರಿಗೆ ಸಂಕೋಚವಿಲ್ಲ, ಇಲ್ಲ ಎಂದವನಿಗೆ ಮಾತ್ರ ಸಾಯುವವರೆಗೂ ಕೆಟ್ಟ ಹೆಸರು. ಬೋಲಾ ಕೊಡದವನ ಹೆಣ ಹೊರಲು ನಾಲ್ಕು ಹೆಗಲು ಸಿಗುವುದಿಲ್ಲ ಎಂದು ದೋನ್ಯಾ ಮಿಂಗಾಳೇ ಹೇಳುತ್ತಿದ್ದಳು. ವಿಲ್ಕಿನ್ ಗಾಡಿ ಬಿಟ್ಟ. ವೆರೋನ್ ದಾರಿಯಲ್ಲೇ ಇದೆ, ಇಳಿಸಿಬಿಟ್ಟರಾಯಿತು.

ಬೀದಿಯ ತಿರುವಿನಲ್ಲಿ ಪಕ್ಕದ ಮನೆಯ ಫೆಫಾ ಕೈ ಅಡ್ಡ ಹಿಡಿದಳು. ಅವಳ ತಲೆತುಂಬ ಕೂದಲು ಸುರುಳಿ ಮಾಡುವ ಗುಲಾಬಿ ಬಣ್ಣದ ರೋಲರುಗಳು, ಹಲಸಿನ ಹಣ್ಣಿಗೆ ಬಣ್ಣ ಬಳಿದ ಹಾಗೆ.

“ಫ್ರಿಯೂಸಾದಲ್ಲಿ ನನ್ನ ತಂಗಿ ಮಗಳ ಹದಿನೈದು ತುಂಬಿದ ಹಬ್ಬ ಕಣೋ. ಬಸ್ಸಲ್ಲಿ ಹೋದ್ರೆ ಈ ರೋಲರೆಲ್ಲ ಕಿತ್ಕೊಂಡು ಹೋಗುತ್ತೆ. ನಾನು ಇದ್ದೀನಿ ಅಂತಾನೇ ಗೊತ್ತಾಗಲ್ಲ, ನೋಡ್ತಿರು.”

ಅವಳ ಹಿಂದೆಯೇ ದೊನ್ ತೋನ್ಯೋ. ಮುದುಕನ ಕಂಕುಳಲ್ಲಿ ಒಂದು ಬಟ್ಟೆಯ ಚೀಲ. ಚೀಲದಿಂದ ಒಂದು ಹುಂಜ ತಲೆ ಹೊರಗೆ ಹಾಕಿ ವಿಲ್ಕಿನ್‌ನನ್ನು ಕೆಕ್ಕರಿಸಿ ನೋಡಿತು.

“ನಾನಾದ್ರೆ ನಡ್ಕೊಂಡೇ ಹೋಗೋನು,” ಎಂದ ದೊನ್ ತೋನ್ಯೋ ಹತ್ತುತ್ತಲೇ. “ಆದ್ರೆ ಇದಕ್ಕೆ ಇವತ್ತು ಫ್ರಿಯೂಸಾದಲ್ಲಿ ಕಾಳಗ ಇದೆ. ಗದ್ದಲದಲ್ಲಿ ಬಂದ್ರೆ ಇದರ ಮನಸ್ಸು ಕೆಡುತ್ತೆ. ನಿನ್ನ ಗಾಡಿ ಅಂದ್ರೆ ಚರ್ಚಿನ ಹಾಗೆ, ಶಾಂತ.”

ವೆರೋನ್ ಬಂತು. ಅಕ್ಕನ ಮನೆಗೆ ಬೀಗ. “ಪೂಜೆಗೆ ಹೋಗಿದ್ದಾಳೆ,” ಎಂದಳು ಅತ್ತೆ, ಕೂತಲ್ಲಿಂದ ಅಲ್ಲಾಡದೆ. “ಪಾದ್ರಿಯ ಉಪದೇಶ ಬೇಗ ಮುಗಿಯಲ್ಲ. ನೀನು ಏರ್‌ಪೋರ್ಟಿಂದ ಇದೇ ದಾರೀಲಿ ತಾನೇ ವಾಪಸ್ ಬರೋದು? ಆಗ ಇಳೀತೀನಿ.”

“ನಾವೂ ಅಷ್ಟೇ,” ಎಂದಳು ಫೆಫಾ. “ಫ್ರಿಯೂಸಾ ಇರೋದು ಆಮೇಲೆ ತಾನೇ?”

ವಿಲ್ಕಿನ್ ಬೇಡಿದ, ಕೈಮುಗಿದ. ಕೊನೆಗೆ ಒಂದು ಒಪ್ಪಂದವಾಯಿತು. ಏರ್‌ಪೋರ್ಟಿನ ಹೊರಗಿನ ಪೆಟ್ರೋಲ್ ಬಂಕಿನ ಹತ್ತಿರ ಮೂವರೂ ಇಳಿದುಬಿಡಬೇಕು. ಅವನು ಮದಾಂ ಅವರನ್ನು ರೆಸಾರ್ಟಿಗೆ ಬಿಟ್ಟು ಮರಳಿ ಬಂದು ಅವರನ್ನು ಕರೆದೊಯ್ಯಬೇಕು. ಮೂವರೂ ಇಳಿದರು. ಎಷ್ಟು ಸಲೀಸಾಗಿ ಇಳಿದರೆಂದರೆ ವಿಲ್ಕಿನ್‌ಗೆ ಆಗಲೇ ಅನುಮಾನ ಬರಬೇಕಿತ್ತು.

ಮದಾಂ ತೆರಿಯೋ ಬೆಳ್ಳಿ ಕೂದಲಿನ, ತೆಳ್ಳನೆಯ ಹೆಂಗಸು. ವಿಲ್ಕಿನ್ ಹಿಡಿದ ಹಲಗೆಯ ಮೇಲೆ ತಮ್ಮ ಹೆಸರು ನೋಡಿ ತಲೆದೂಗಿದರು, ಹಿಂದೆ ಕೂತರು, ಕಿಟಕಿಯಾಚೆ ನೋಡತೊಡಗಿದರು. ಒಂದು ಮಾತಿಲ್ಲ. ಏಸಿ ಮೆಲ್ಲಗೆ ಗುಂಯ್‌ಗುಡುತ್ತಿತ್ತು. ವಿಲ್ಕಿನ್‌ನ ಎದೆಯೊಳಗೆ ವರ್ಷಗಳಿಂದ ಮುದುಡಿಕೊಂಡಿದ್ದ ಏನೋ ಒಂದು ಮೆಲ್ಲಗೆ ಕಾಲು ಚಾಚಿಕೊಂಡಿತು. ಸ್ವರ್ಗ ಇದ್ದರೆ ಹೀಗೇ ಇರಬೇಕು, ಇದೇ ವಾಸನೆ ಇರಬೇಕು ಎಂದುಕೊಂಡ.

ಆ ಸ್ವರ್ಗ ಪೆಟ್ರೋಲ್ ಬಂಕಿನವರೆಗೆ ಬಾಳಿತು.

ಬಿಸಿಲು ತಾಳಲಾರದೆ ಮೂವರೂ ರಸ್ತೆಗೆ ಬಂದು ನಿಂತಿದ್ದರು. ಪಾತ್ರೆ ಎತ್ತಿ ಹಿಡಿದ ಅತ್ತೆ, ಗುಲಾಬಿ ತಲೆಯ ಫೆಫಾ, ಹುಂಜ ಎತ್ತಿ ಹಿಡಿದ ಮುದುಕ; ಮೂವರೂ ಕೈ ಬೀಸುತ್ತಿದ್ದರು. ವಿಲ್ಕಿನ್ ವೇಗ ಹೆಚ್ಚಿಸಲು ನೋಡಿದ. ಅಷ್ಟರಲ್ಲಿ ದೋನ್ಯಾ ಮಿಂಗಾ ರಸ್ತೆಯ ನಟ್ಟನಡುವೆ ಬಂದುಬಿಟ್ಟಳು. ಬ್ರೇಕು ಕಿರುಚಿತು.

“ಯಾರಿವರು?” ಎಂದರು ಮದಾಂ, ಸಂಜೆಯ ತರಗತಿಯಲ್ಲಿ ಕಲಿತ ಸ್ಪ್ಯಾನಿಷ್‌ನಲ್ಲಿ.

“ಗೊತ್ತಿಲ್ಲ ಮದಾಂ. ಯಾರೋ ಏನೋ. ನನಗೆ ಪರಿಚಯವೇ ಇಲ್ಲ.”

ಹುಂಜ ಕತ್ತು ನೀಡಿ ‘ಕೊಕ್ಕೊಕ್ಕೋ’ ಎಂದು ಕೂಗಿತು. ಬ್ರೇಕು ಹೊಡೆದಾಗಲೇ ವಿಲ್ಕಿನ್ ಗಾಜು ಅರ್ಧ ಇಳಿಸಿದ್ದ; ಅತ್ತೆಗೆ ಎಲ್ಲ ಕೇಳಿಸಿತ್ತು. ಅವಳು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

“ಸಂತ ಪೇತ್ರ ತನ್ನ ಗುರುನ ಗೊತ್ತೇ ಇಲ್ಲ ಅಂತ ಮೂರು ಸಲ ಅಂದ ಮೇಲೆ ಕೋಳಿ ಕೂಗಿತ್ತು,” ಎಂದಳು. “ನಿನಗೆ ಒಂದೇ ಸಲಕ್ಕೆ ಕೂಗಿತಲ್ಲೋ! ನೋಡಿ ಸೆನ್ಯೋರಾ, ಇವನು ನನ್ನ ಅಳಿಯ. ಕಷ್ಟದಲ್ಲಿರೋ ಅತ್ತೆನ ಬಿಸಿಲಲ್ಲಿ ನಿಲ್ಸಿ ಪರಿಚಯ ಇಲ್ಲ ಅಂತಾನೆ.”

ಮದಾಂ ವಿಲ್ಕಿನ್‌ನನ್ನು ನೋಡಿದರು. ಆಮೇಲೆ ತಾವೇ ಕೈನೀಡಿ ಬಾಗಿಲು ಎಳೆದರು. “ಅಯ್ಯೋ, ಇಷ್ಟು ಬಿಸಿಲು. ಬನ್ನಿ, ಬನ್ನಿ.”

ಮುಂದಿನದನ್ನು ವಿಲ್ಕಿನ್ ಕನ್ನಡಿಯಲ್ಲಿ ಚೂರು ಚೂರಾಗಿ ನೋಡಿದ. ಪೂರ್ತಿ ನೋಡುವ ಧೈರ್ಯವಿರಲಿಲ್ಲ.

“ನಿಮ್ಮ ಯಜಮಾನರು?” ಅತ್ತೆಯ ದನಿ.

“ತೀರಿಕೊಂಡರು.”

“ಒಳ್ಳೇದಾಯ್ತು, ನಂದೂ ಅಷ್ಟೇ. ಇಷ್ಟು ತೆಳ್ಳಗೆ ಇದ್ದೀರಲ್ಲ, ಅಲ್ಲಿ ಏನೂ ತಿನ್ನಕ್ಕೆ ಕೊಡಲ್ವಾ? ಬಾಯಿ ತೆಗೀರಿ.” ಪಾಯಸದ ಚಮಚ ಮದಾಂ ಬಾಯಿಗೆ ಹೋಯಿತು. ರಸ್ತೆಯಲ್ಲಿ ಗುಂಡಿ ಬಂದು ಅರ್ಧ ಪಾಯಸ ಬಿಳಿ ಹೊದಿಕೆಗೂ ಹೋಯಿತು.

“ಈ ಕೂದಲಿಗೆ ಏನೂ ಮಾಡಿಸಿಲ್ವಾ ಸೆನ್ಯೋರಾ?” ಫೆಫಾಳ ದನಿ. “ತಡೀರಿ, ನನ್ನ ತಲೇಲಿ ನಾಲ್ಕು ರೋಲರ್ ಜಾಸ್ತಿ ಇವೆ.”

“ಹೆದರಬೇಡಿ, ಕಚ್ಚಲ್ಲ. ಮಡಿಲಲ್ಲಿ ಇಟ್ಕೊಳ್ಳಿ,” ದೊನ್ ತೋನ್ಯೋನ ದನಿ. “ಹೆಂಗಸರ ಕೈ ಸೋಕಿದ್ರೆ ಇದು ಗೆಲ್ಲುತ್ತೆ.”

ಆಮೇಲೆ ಯಾರೋ ಹಾಡು ಶುರುಮಾಡಿದರು. ವೆರೋನ್ ಬಂದು ಹೋಯಿತು, ಯಾರೂ ಇಳಿಯಲಿಲ್ಲ. ಫ್ರಿಯೂಸಾ ಬಂತು, ವಿಲ್ಕಿನ್ ಗಾಡಿ ನಿಲ್ಲಿಸಿ ಹಿಂದಕ್ಕೆ ತಿರುಗಿದ.

“ಒಂಟಿ ಹೆಂಗಸನ್ನ ಗೊತ್ತಿಲ್ಲದ ಗಂಡಸಿನ ಜೊತೆ ಬಿಟ್ಟು ಇಳಿಯೋದಾ?” ಎಂದಳು ಅತ್ತೆ.

“ಅತ್ತೆ, ಆ ಗಂಡಸು ನಾನು!”

“ಅದಕ್ಕೇ ಹೇಳ್ತಿರೋದು. ಪರಿಚಯ ಇಲ್ಲ ಅಂದೋನು ನೀನೇ ತಾನೇ?”

ರೆಸಾರ್ಟಿನ ಬಾಗಿಲಲ್ಲಿ ಕೆಸಾದಾ ಬಿಳಿ ಸೂಟು ತೊಟ್ಟು, ತಟ್ಟೆಯಲ್ಲಿ ತಣ್ಣನೆಯ ಟವೆಲನ್ನೂ ಒಂದು ಹೂವನ್ನೂ ಹಿಡಿದು ನಿಂತಿದ್ದ. ವ್ಯಾನಿನ ಬಾಗಿಲು ಸರಿಯಿತು. ಮೊದಲು ಹುಂಜ ಇಳಿಯಿತು. ಅದನ್ನು ಹಿಡಿಯಲು ದೊನ್ ತೋನ್ಯೋ ಹಾರಿದ. ಆಮೇಲೆ ತುಟಿಗೆ ಪಾಯಸ ಮೆತ್ತಿಕೊಂಡು, ತಲೆಗೆ ನಾಲ್ಕು ಗುಲಾಬಿ ರೋಲರು ಸಿಕ್ಕಿಸಿಕೊಂಡು ಮದಾಂ ಇಳಿದರು. ಅತ್ತೆ ಇಳಿದು ಅವರ ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ಕೆಸಾದಾನ ಮುಖ ಅವನ ಸೂಟಿಗಿಂತ ಬೆಳ್ಳಗಾಯಿತು. ತಣ್ಣನೆಯ ಟವೆಲಿನಿಂದ ಅವನು ತನ್ನ ಹಣೆಯನ್ನೇ ಒರೆಸಿಕೊಂಡ.

ವಿಲ್ಕಿನ್ ಮೂವರನ್ನೂ ಹುಂಜವನ್ನೂ ಮತ್ತೆ ಗಾಡಿಗೆ ತುಂಬಿಕೊಂಡು ಹೊರಟ.

ಮರಳಿ ಬರುವಾಗ ದೊನ್ ತೋನ್ಯೋ, “ಯಾಕೋ ಮುಖ ಹಾಗಿಟ್ಕೊಂಡಿದ್ದೀಯಾ, ಸೋತ ಹುಂಜದ ಹಾಗೆ?” ಎಂದ.

ಅಷ್ಟೇ. ವಿಲ್ಕಿನ್ ರಸ್ತೆ ಬದಿಗೆ ಗಾಡಿ ನಿಲ್ಲಿಸಿದ. ಹುಟ್ಟಿದಾಗಿನಿಂದ ಆಡದೆ ಉಳಿಸಿಕೊಂಡಿದ್ದ ಮಾತೆಲ್ಲ ಒಟ್ಟಿಗೇ ಹೊರಬಂತು. ಗಂಟಲ ನರ ಉಬ್ಬಿಸಿಕೊಂಡು ಅವನು ಕೂಗಿದ: “ನಿಮ್ಮಿಂದ ನನ್ನ ಅನ್ನ ಹೋಯ್ತು! ಒಂದು ದಿನ, ಒಂದೇ ಒಂದು ದಿನ ಸುಮ್ನೆ ಇರಕ್ಕಾಗ್ಲಿಲ್ಲ ನಿಮಗೆ! ಇನ್ಮೇಲೆ ನನ್ನ ಗಾಡೀಲಿ ಯಾರಿಗೂ ಬೋಲಾ ಇಲ್ಲ. ಇಳೀರಿ!”

ಹುಂಜ ಕೂಡ ಬೆಚ್ಚಿತು. ದೋನ್ಯಾ ಮಿಂಗಾ ಪಾತ್ರೆಯ ಮುಚ್ಚಳ ಸರಿಮಾಡಿದಳು. ಲಂಗದ ಮೇಲಿನ ಸುಕ್ಕು ಒತ್ತಿದಳು. “ಏಳ್ರಿ,” ಎಂದಳು ಉಳಿದಿಬ್ಬರಿಗೆ, ತಣ್ಣಗೆ. ಮೂವರೂ ಇಳಿದು, ಹಿಂದೆ ಬಂದ ಗುವಾಗುವಾಕ್ಕೆ ಕೈ ಅಡ್ಡ ಹಿಡಿದು, ಅದರ ಹೊಟ್ಟೆಯೊಳಗೆ ಮಾಯವಾದರು.

ವಿಲ್ಕಿನ್ ಸ್ಟೀರಿಂಗಿಗೆ ಹಣೆ ಒತ್ತಿ ಕೂತ. ಆಗ ಫೋನು ಬಡಿದುಕೊಂಡಿತು. ಕೆಸಾದಾ.

“ಸೆನ್ಯೋರ್, ಕ್ಷಮಿಸ್ಬೇಕು, ನಾನು...”

“ಏನಯ್ಯಾ ಮಾಡಿದೆ ನೀನು? ಆಯಮ್ಮ ಅಳ್ತಿದ್ದಾರೆ!”

“ಗೊತ್ತು ಸೆನ್ಯೋರ್.”

“ಖುಷಿಗೆ ಅಳ್ತಿದ್ದಾರೆ ಕಣೋ! ಗಂಡ ಹೋದ ಮೇಲೆ ಯಾರೂ ಅವರ ಕೂದಲು ಮುಟ್ಟಿ ಮಾತಾಡ್ಸಿಲ್ವಂತೆ. ಮಾಂಟ್ರಿಯಲ್‌ಗೆ ಆಗ್ಲೇ ಫೋನ್ ಹೋಗಿದೆ. ಇನ್ನು ಅವರ ಜನಕ್ಕೆಲ್ಲ ಇದೇ ಸವಾರಿ ಬೇಕಂತೆ. ಸವಾರಿಗಳೆಲ್ಲ ನಿನಗೇ! ಸಂಜೆ ವಿಮಾನಕ್ಕೆ ಅವರ ಮಗನ ಸಂಸಾರ ಬರ್ತಿದೆ, ಐದು ಜನ. ಆ ಅತ್ತೆ, ಆ ರೋಲರಮ್ಮ, ಆ ಮುದುಕ, ಹುಂಜ, ಎಲ್ಲ ಇರ್ಬೇಕು. ಒಬ್ರು ಕಮ್ಮಿಯಾದ್ರೂ ನಾನು ಬೇರೆಯೋರನ್ನ ನೋಡ್ಕೋತೀನಿ.”

“ಆದ್ರೆ ಪ್ರೈವೇಟ್ ಅಂದಿದ್ರಿ...”

“ಪ್ರೈವೇಟೇ. ಜನ ಇರೋ ಪ್ರೈವೇಟ್!”

ವಿಲ್ಕಿನ್ ಗಾಡಿಯನ್ನು ರಸ್ತೆಗೆ ನುಗ್ಗಿಸಿದ ಹೊಡೆತಕ್ಕೆ ಪಾಯಸ ಮೆತ್ತಿದ ಹೊದಿಕೆ ಹಾರಿ ಅವನ ತಲೆಯ ಮೇಲೆ ಬಿತ್ತು. ಫ್ರಿಯೂಸಾದ ಹತ್ತಿರ ಗುವಾಗುವಾ ಸಿಕ್ಕಿತು. ಅವನು ಪಕ್ಕಕ್ಕೆ ಪಕ್ಕ ಓಡಿಸುತ್ತ ಹಾರ್ನು ಹೊಡೆದ. ಕಿಟಕಿಯಲ್ಲಿ ದೋನ್ಯಾ ಮಿಂಗಾಳ ಅರ್ಧ ಮುಖ ಕಂಡಿತು; ಉಳಿದರ್ಧದ ಮೇಲೆ ಯಾರದೋ ಮೊಣಕೈ ಇತ್ತು.

“ಅತ್ತೇ! ತಪ್ಪಾಯ್ತು! ಬನ್ನಿ, ನನ್ನ ಗಾಡಿ ಪೂರ್ತಿ ಖಾಲಿ ಇದೆ!”

“ಬೇಡಪ್ಪಾ. ಇಲ್ಲಿ ಬೇಕಾದಷ್ಟು ಜಾಗ ಇದೆ.”

“ಫೆಫಾ! ನಿನ್ನ ರೋಲರು!”

“ಎಲ್ಲ ಉದುರಿಹೋಯ್ತು,” ಎಂದು ಒಳಗೆಲ್ಲಿಂದಲೋ ಒಂದು ದನಿ.

“ಯಾರಮ್ಮಾ ಅದು?” ಮೊಣಕೈಯವನು ಕೇಳಿದ. ಇಡೀ ಗುವಾಗುವಾ ಕಿವಿ ನಿಮಿರಿಸಿತು.

ದೋನ್ಯಾ ಮಿಂಗಾ ವಿಲ್ಕಿನ್‌ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಯಾರೋ ಏನೋ,” ಎಂದಳು. ಗುವಾಗುವಾ ಫ್ರಿಯೂಸಾದ ಕಡೆ ತಿರುಗಿಕೊಂಡಿತು.

ಸಂಜೆ ಏರ್‌ಪೋರ್ಟಿನಲ್ಲಿ ಮದಾಂ ಮಗ, ಸೊಸೆ, ಮೂವರು ಮಕ್ಕಳು ವ್ಯಾನಿನೊಳಗೆ ಇಣುಕಿದರು. ಸೀಟಿನ ಕೆಳಗೂ ನೋಡಿದರು.

“ಉಳಿದವರು?” ಎಂದ ಮಗ.

“ಬರ್ತಾರೆ, ಬರ್ತಾರೆ,” ಎಂದು ವಿಲ್ಕಿನ್ ಗಾಡಿ ಬಿಟ್ಟ. ತಂಪು, ಘಮಘಮ, ನಿಶ್ಶಬ್ದ. ಕನ್ನಡಿಯಲ್ಲಿ ಐದು ಮುಖಗಳು, ನಾಟಕದ ಪರದೆ ಏಳುವುದನ್ನು ಕಾಯುವ ಹಾಗೆ, ಅವನನ್ನೇ ನೋಡುತ್ತಿದ್ದವು. ಒಂದು ಮೈಲಿ ಹೋಯಿತು. ಸೊಸೆ ಫೋನು ಕೈಗೆತ್ತಿಕೊಂಡಳು, ರೆಸಾರ್ಟಿಗೇ ಇರಬೇಕು.

ವಿಲ್ಕಿನ್ ಕನ್ನಡಿಯಲ್ಲಿ ಅವಳ ಕಡೆ ನೋಡಿದ.

“ಸೆನ್ಯೋರಾ,” ಎಂದ. ದನಿ ಅವನಿಗೇ ಅಪರಿಚಿತವಾಗಿತ್ತು. “ಮದುವೆಯಾಗಿ ಎಷ್ಟು ವರ್ಷವಾಯ್ತು? ಮಕ್ಕಳು ಮೂರೇ ಯಾಕೆ? ಯಜಮಾನರಿಗೆ ಸಂಬಳ ಎಷ್ಟು?”

ಐದೂ ಮುಖಗಳು ಅರಳಿದವು. ಫೋನು ಕೆಳಗಿಳಿಯಿತು. ಆಗ ಹಿಂದಿನ ಸೀಟಿನಿಂದ ಚಿಕ್ಕ ಹುಡುಗಿ, ಅಜ್ಜಿ ಫೋನಿನಲ್ಲಿ ಕಲಿಸಿದ್ದ ಒಂದೇ ಸ್ಪ್ಯಾನಿಷ್ ಪದವನ್ನು ಬಿಡಿಸಿ ಬಿಡಿಸಿ ಹೇಳಿದಳು:

“ಹುಂಜ?”

ವಿಲ್ಕಿನ್ ರಸ್ತೆಯ ಈ ಬದಿ ನೋಡಿದ, ಆ ಬದಿ ನೋಡಿದ. ಗುರುತಿನವರು ಯಾರೂ ಇರಲಿಲ್ಲ. ಗಾಜು ಮೇಲಕ್ಕೇರಿಸಿ, ಕತ್ತು ಉದ್ದ ಮಾಡಿ, ಕೂಗಿದ.